ಸಂದಕ್‌ಫು ಏರಿದ ಮುದಿ ಗಾಡಿಗಳು

ಡಾರ್ಜಿಲಿಂಗ್‌ನಿಂದ ಸುಮಾರು 26 ಕಿ.ಮೀ. ದೂರದಲ್ಲಿ, ನೇಪಾಳದ ಗಡಿಗೆ ಅಂಟಿಕೊಂಡಿರುವ ಪುಟ್ಟ ಊರು ಮಾನೆಭಂಜ್ಯಾಂಗ್. ನೇಪಾಳಿಯಲ್ಲಿ ಭಂಜ್ಯಾಂಗ್ ಎಂದರೆ ಬೆಟ್ಟಗಳ ನಡುವಿನ ತಗ್ಗುದಾರಿ. ಇಲ್ಲಿಂದ 31 ಕಿ.ಮೀ. ಏರಿದರೆ 3,636 ಮೀಟರ್ ಎತ್ತರದ ಸಂದಕ್‌ಫು. ಪಶ್ಚಿಮ ಬಂಗಾಳದಲ್ಲಿ ಇದಕ್ಕಿಂತ ಎತ್ತರದ ಜಾಗವಿಲ್ಲ. ಆಕಾಶ ತಿಳಿಯಾಗಿದ್ದರೆ ಕಾಂಚನಜುಂಗಾ ಎದುರಿಗೇ ಇದ್ದಂತೆ ಕಾಣುತ್ತದೆ. ದೂರದಲ್ಲಿ ಎವರೆಸ್ಟ್ ಕೂಡ ಇಣುಕುತ್ತದೆ. ಈ ನೋಟದಷ್ಟೇ ಹೆಸರಾದವು ಪ್ರವಾಸಿಗರನ್ನು ಅಲ್ಲಿಗೆ ಹೊತ್ತೊಯ್ದ ಹಳೆಯ ಲ್ಯಾಂಡ್ ರೋವರ್‌ಗಳು.

1948ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಗಾಡಿಯಿದು. ಯುದ್ಧಾನಂತರ ಉಕ್ಕಿಗೆ ಬರ. ಹಾಗಾಗಿ ಮೈಗೆ ಅಲ್ಯೂಮಿನಿಯಂ ಮಿಶ್ರಲೋಹದ ತಗಡು ಬಂತು. ಚಹಾ ತೋಟಗಳಲ್ಲಿ ದುಡಿದ ಗಾಡಿಗಳು ಕಾಲಕ್ರಮೇಣ ಸ್ಥಳೀಯರ ಕೈ ಸೇರಿದವು. 2018ರಲ್ಲಿ ಕಂಪನಿಯೇ ಈ ಊರಿನ ಬಗ್ಗೆ ಕಿರುಚಿತ್ರ ತೆಗೆದಾಗ ಸುಮಾರು 40 ಗಾಡಿಗಳು ಇಲ್ಲಿ ಓಡುತ್ತಿದ್ದವು.

ತಯಾರಿಕೆ ನಿಂತು ದಶಕಗಳಾದ ಮೇಲೂ ಇವು ಬೆಟ್ಟ ಹತ್ತಿದ್ದು ಹೇಗೆ? ಇವುಗಳ ಯಂತ್ರದಲ್ಲಿ ಮುಚ್ಚುಮರೆಯಿಲ್ಲ, ಅದೇ ಕಾರಣ. ಸಾಮಾನ್ಯವಾಗಿ ಎಂಜಿನ್ನಿನ ಶಕ್ತಿ ಹಿಂದಿನ ಎರಡು ಗಾಲಿಗಳಿಗಷ್ಟೇ. ಹಳದಿ ಗುಬ್ಬಿಯ ಸರಳನ್ನು ಒತ್ತಿದರೆ ಮುಂದಿನ ಗಾಲಿಗಳೂ ಜೊತೆಗೂಡುತ್ತವೆ. ಕಡಿದಾದ ಏರಿಗೆ ಕೆಂಪು ಗುಬ್ಬಿಯ ಸನ್ನೆ. ಆಗ ವೇಗ ತಗ್ಗಿ ಎಳೆತ ಹೆಚ್ಚುತ್ತದೆ.

ಕೆಸರಿನಲ್ಲಿ ಹಿಂದಿನ ಗಾಲಿ ಮಾತ್ರ ತಿರುಗಿ ಮುಂದಿನವು ಸುಮ್ಮನಿದ್ದರೆ ರೋಗ ಎಲ್ಲಿದೆ? ಅದನ್ನು ಕಂಡುಹಿಡಿಯಲು ಒಂದು ಜಾಕ್ ಸಾಕು. ಎಂಜಿನ್ ನಿಲ್ಲಿಸಿ, ಗೇರಿನಲ್ಲಿಟ್ಟು, ಹಿಂದಿನ ಗಾಲಿಗಳಿಗೆ ಕಲ್ಲು ಕೊಟ್ಟು, ನಾಲ್ಕು ಗಾಲಿಗಳ ಗೇರು ಹಾಕಿ, ಮುಂದಿನ ಒಂದು ಗಾಲಿಯನ್ನಷ್ಟೇ ಎತ್ತಬೇಕು. ಕೈಯಿಂದ ತಿರುಗಿಸಿದಾಗ ಅದು ತುಸು ಅಲುಗಿ ನಿಂತರೆ ಜೋಡಣೆ ಸರಿಯಿದೆ. ಸಲೀಸಾಗಿ ಸುತ್ತಿದರೆ ಕೆಳಗಿನ ಉದ್ದನೆಯ ಶಾಫ್ಟ್ ನೋಡಬೇಕು. ಶಾಫ್ಟೂ ತಿರುಗುತ್ತಿದ್ದರೆ ದೋಷ ಗೇರ್ ಬಾಕ್ಸ್ ಕಡೆ: ಗೇರು ಕೂಡಿಸುವ ಕವಲು ಸವೆದಿರಬಹುದು, ಸ್ಪ್ರಿಂಗ್ ಸೋತಿರಬಹುದು. ಶಾಫ್ಟ್ ನಿಂತೇ ಇದ್ದರೆ ದೋಷ ಗಾಲಿಗಳ ಕಡೆ: ಆಕ್ಸಲ್ ತುಂಡಾಗಿರಬಹುದು, ಡಿಫರೆನ್ಷಿಯಲ್‌ನ ಹಲ್ಲು ಮುರಿದಿರಬಹುದು. ಅನಗತ್ಯವಾಗಿ ಒಂದು ಬೋಲ್ಟನ್ನೂ ಬಿಚ್ಚಬೇಕಿಲ್ಲ.

ಇಷ್ಟೆಲ್ಲ ಸಹಿಸಿದ ಗಾಡಿಗೆ ಒಳ್ಳೆಯ ರಸ್ತೆಯೇ ಬೇರೊಂದು ಬಗೆಯ ಪರೀಕ್ಷೆ ಒಡ್ಡಿತು. ಕಲ್ಲು ಹಾಸಿದ ಹಾದಿಯ ಬಹುಭಾಗ ಈಚಿನ ವರ್ಷಗಳಲ್ಲಿ ಕಾಂಕ್ರೀಟ್ ಕಂಡಿದೆ. ತಿರುವಿನಲ್ಲಿ ಮುಂದಿನ ಗಾಲಿಗಳು ಹಿಂದಿನವಕ್ಕಿಂತ ಹೆಚ್ಚು ದೂರ ಕ್ರಮಿಸುತ್ತವೆ. ಆದರೆ ಗೇರು ಎರಡನ್ನೂ ಒಂದೇ ವೇಗಕ್ಕೆ ಕಟ್ಟಿಹಾಕಿರುತ್ತದೆ. ಸಡಿಲ ಕಲ್ಲಿನ ಮೇಲೆ ಗಾಲಿ ಜಾರಿ ಈ ವ್ಯತ್ಯಾಸ ತೀರುತ್ತಿತ್ತು. ಒಣ ಕಾಂಕ್ರೀಟಿನ ಮೇಲೆ ಜಾರಲು ಜಾಗವಿಲ್ಲ; ಒತ್ತಡವೆಲ್ಲ ಶಾಫ್ಟು, ಹಲ್ಲುಗಳ ಮೇಲೆ ಬಿದ್ದು ಅವು ಮುರಿಯುತ್ತವೆ. ಅಲ್ಲಿ ಹಳದಿ ಸರಳನ್ನು ಬಿಡಿಸಲೇಬೇಕು.

ರಸ್ತೆ ಸುಧಾರಿಸಿದಂತೆ ಹೊಸ ವಾಹನಗಳೂ ಬೆಟ್ಟ ಏರಿವೆ. ದಾರಿಯಂಚಿನ ಜನರಿಗೆ ಆಸ್ಪತ್ರೆ, ಶಾಲೆ ಹತ್ತಿರವಾಗುವುದಾದರೆ ಅದನ್ನು ಬೇಡವೆನ್ನಲು ಯಾರಿಗೂ ಹಕ್ಕಿಲ್ಲ. ಆದರೆ ಹಳೆಯ ಗಾಡಿ ಮೂಲೆ ಸೇರಿದರೆ, ಗಾಲಿ ತಿರುಗಿಸಿ ರೋಗ ಹೇಳುವ ಕೈಗಳೂ ಮರೆಯಾಗುತ್ತವೆ. ಬಿಡಿಭಾಗವನ್ನು ಲೇತಿನಲ್ಲಿ ಮತ್ತೆ ಕಡೆದುಕೊಳ್ಳಬಹುದು. ಆ ಕೈಗಳ ತಿಳಿವಳಿಕೆಯನ್ನು ಕಡೆಯುವ ಲೇತ್ ಇನ್ನೂ ಬಂದಿಲ್ಲ.