ಚಂದ್ರಗಿರಿಯ ಈಚೆ

ನವೆಂಬರ್ ಒಂದನೆಯ ತಾರೀಖು ಬಂತೆಂದರೆ ನಮ್ಮ ಹಾಸ್ಟೆಲಿನ ಗೆಳೆಯರಿಗೆ ನನ್ನ ನೆನಪಾಗುತ್ತದೆ. “ಕಾಸರಗೋಡು ಕನ್ನಡನಾಡಿಗೆ ಸೇರಬೇಕಾದುದಲ್ಲವೇ? ನೀನೇ ಹೇಳು” ಎಂದು ಸಭೆಯಲ್ಲಿ ಎಬ್ಬಿಸಿ ನಿಲ್ಲಿಸುತ್ತಾರೆ. ಉಳಿದ ಹನ್ನೊಂದು ತಿಂಗಳು ಅದೇ ಗೆಳೆಯರಿಗೆ ನಾನು ‘ಕೇರಳದವ’. ಇದರಲ್ಲಿ ಅವರ ತಪ್ಪೇನೂ ಇಲ್ಲ. ನನ್ನ ಪ್ರವೇಶಪತ್ರವೂ ಹಾಗೆಯೇ ಹೇಳುತ್ತದೆ. 1956ರ ನವೆಂಬರ್ ಒಂದರಂದೇ ವಿಶಾಲ ಮೈಸೂರೂ ಕೇರಳವೂ ಒಟ್ಟಿಗೆ ಹುಟ್ಟಿದವು. ಅದುವರೆಗೆ ಮದರಾಸಿಗೆ ಸೇರಿದ್ದ ದಕ್ಷಿಣ ಕನ್ನಡ ಜಿಲ್ಲೆ ಮೈಸೂರಿಗೆ ಬಂತು. ಅದರ ತೆಂಕಣ ತುದಿಯಲ್ಲಿದ್ದ ಕಾಸರಗೋಡು ತಾಲೂಕು ಕೇರಳಕ್ಕೆ ಹೋಯಿತು. ಹೀಗಾಗಿ ಇಲ್ಲಿ ರಾಜ್ಯೋತ್ಸವದ ಬಾವುಟ ಏರುವ ಹೊತ್ತಿಗೆ ನಮ್ಮೂರ ಶಾಲೆಗಳಲ್ಲಿ ಕೇರಳದ ಹುಟ್ಟುಹಬ್ಬ ನಡೆದಿರುತ್ತದೆ.

ಫಜಲ್ ಅಲಿ ಆಯೋಗವು 1955ರಲ್ಲಿ ಕೊಟ್ಟ ವರದಿಯ ಮಾತು ಸರಳವಾದುದು. ತಾಲೂಕನ್ನು ಇಡಿಯಾಗಿ ತೆಗೆದುಕೊಂಡರೆ ಮಲೆಯಾಳ ಆಡುವವರೇ ಹೆಚ್ಚು, ಆದ್ದರಿಂದ ಕೇರಳಕ್ಕೆ. ಎಣಿಕೆಯಲ್ಲಿ ತಪ್ಪಿರಲಿಲ್ಲ. ಆದರೆ ಆಗಿನ ಆ ತಾಲೂಕು ಇಂದಿನ ಮಂಜೇಶ್ವರದಿಂದ ಹೊಸದುರ್ಗದ ಆಚೆಯವರೆಗೆ ಚಾಚಿಕೊಂಡಿತ್ತು. ಚಂದ್ರಗಿರಿ ಹೊಳೆಯ ತೆಂಕಣ ಭಾಗದಲ್ಲಿ ಮಲೆಯಾಳವೇ ಮಲೆಯಾಳ. ಬಡಗಣ ಭಾಗದಲ್ಲಿ ತುಳು, ಕನ್ನಡ, ಕೊಂಕಣಿ, ಮರಾಠಿ, ಬ್ಯಾರಿ, ಮಲೆಯಾಳ ಎಲ್ಲ ಒಂದೇ ಸಂತೆಯಲ್ಲಿ. ಎರಡನ್ನೂ ಒಂದೇ ತಕ್ಕಡಿಗೆ ಹಾಕಿದರೆ ಯಾವ ತಟ್ಟೆ ತಗ್ಗೀತೆಂಬುದನ್ನು ಹೇಳಬೇಕಾಗಿಲ್ಲ. ಆಯೋಗದ ಸದಸ್ಯರಲ್ಲೊಬ್ಬರಾದ ಕೆ. ಎಂ. ಪಣಿಕ್ಕರರು ಮಲೆಯಾಳಿಯಾಗಿದ್ದುದೇ ಇದಕ್ಕೆಲ್ಲ ಕಾರಣವೆಂದು ನಮ್ಮೂರ ಹಿರಿಯರು ಇಂದಿಗೂ ಜಗಲಿಯಲ್ಲಿ ಕುಳಿತು ಹೇಳುವುದುಂಟು. ನನಗೆ ಆ ಮಾತು ಒಪ್ಪಿಗೆಯಿಲ್ಲ. ಅಳೆಯುವ ಪಾತ್ರೆಯನ್ನು ಆರಿಸುವಾಗಲೇ ಉತ್ತರವೂ ಆರಿಸಿ ಹೋಗಿತ್ತು.

ಮುಂದೆ 1966ರಲ್ಲಿ ನೇಮಕವಾದ ಮಹಾಜನ ಆಯೋಗವು ಬೇರೆ ಪಾತ್ರೆಯನ್ನು ಹಿಡಿಯಿತು. ಚಂದ್ರಗಿರಿಯ ಬಡಗಣ ಭಾಗ ಮೈಸೂರಿಗೆ ಸೇರಲಿ ಎಂದು 1967ರಲ್ಲಿ ವರದಿ ಕೊಟ್ಟಿತು. ಕೇರಳ ಅದನ್ನು ಒಪ್ಪಲಿಲ್ಲ. ಬೆಳಗಾವಿಯನ್ನು ನಮ್ಮಲ್ಲೇ ಉಳಿಸಿತೆಂದು ಮಹಾರಾಷ್ಟ್ರವೂ ಒಪ್ಪಲಿಲ್ಲ. ವರದಿ ಕಪಾಟಿನಲ್ಲಿ ಉಳಿಯಿತು.

ಇಲ್ಲಿ ಒಂದು ಮಾತನ್ನು ಹೇಳಿದರೆ ಗೆಳೆಯರು ಮುನಿಯುತ್ತಾರೆ, ಆದರೂ ಹೇಳುತ್ತೇನೆ. ಬೆಳಗಾವಿಯ ಮಾತು ಬಂದಾಗ ತಲೆಯೆಣಿಕೆಯೊಂದೇ ಸಾಲದು, ಅದು ಜಿಲ್ಲೆಯ ಕೇಂದ್ರ, ಸುತ್ತಣ ಕನ್ನಡ ತಾಲೂಕುಗಳ ವ್ಯವಹಾರಸ್ಥಾನ ಎನ್ನುತ್ತೇವೆ. ಹಳ್ಳಿ ಹಳ್ಳಿಯನ್ನೇ ಎಣಿಸಿರಿ ಎನ್ನುವವರು ಮಹಾರಾಷ್ಟ್ರದವರು. ಕಾಸರಗೋಡಿಗೆ ಬಂದರೆ ತಾಲೂಕನ್ನು ಒಡೆದು ನೋಡಿರಿ ಎನ್ನುವವರು ನಾವು. ಎರಡು ಕಡೆಯೂ ನಮ್ಮ ವಾದ ಗಟ್ಟಿಯಾದುದೇ ಇರಬಹುದು, ಆದರೆ ಅದು ಒಂದೇ ವಾದವಲ್ಲ.

ಚರಿತ್ರೆಯನ್ನು ಕೇಳೋಣವೆಂದರೆ ಅದೂ ಬಾಯಿ ಬದಲಿಸುತ್ತದೆ. ಚಂದ್ರಗಿರಿಯೇ ಮಲೆಯಾಳ ದೇಶದ ಬಡಗಣ ಎಲ್ಲೆ, ನಾಯರ್ ಹೆಂಗಸರು ಅದನ್ನು ದಾಟಬಾರದೆಂಬ ಕಟ್ಟು ಹಿಂದೆ ಇತ್ತು. ಇದನ್ನು ನಾವು ಸಂತೋಷದಿಂದ ಎತ್ತಿ ಹೇಳುತ್ತೇವೆ. ಆದರೆ ಕೆಳದಿಯ ನಾಯಕರ ಬೇಕಲ ಕೋಟೆಯಿರುವುದು ಹೊಳೆಯ ತೆಂಕಣಕ್ಕೆ! ಕೋಟೆಯನ್ನು ನಂಬಿದರೆ ಎಲ್ಲೆ ತೆಂಕಕ್ಕೆ ಸರಿಯುತ್ತದೆ. ಪರಶುರಾಮನ ಕಥೆಯನ್ನು ನಂಬಿದರೆ ಕೇರಳ ಗೋಕರ್ಣದವರೆಗೆ ಬರುತ್ತದೆ. ಆಗ ಮಂಗಳೂರು, ಉಡುಪಿಗಳ ಗತಿಯೇನು?

ಇಷ್ಟಾದರೂ ನೆಲದ ಮಾತು ಸುಲಭವಾದುದು. ಕಷ್ಟವಿರುವುದು ಜನರನ್ನು ಹೆಸರಿಸುವಲ್ಲಿ. ಮಂಜೇಶ್ವರದ ಗೋವಿಂದ ಪೈಗಳು ರಾಷ್ಟ್ರಕವಿಗಳು. ಅವರ ಮನೆಮಾತು ಕೊಂಕಣಿ. ಕಾಸರಗೋಡಿನ ವಿಲೀನಕ್ಕಾಗಿ ಬಾಳಿನುದ್ದಕ್ಕೂ ದನಿಯೆತ್ತಿದ ಕಯ್ಯಾರ ಕಿಞ್ಞಣ್ಣ ರೈಗಳದು ತುಳು. ಮಾತೃಭಾಷೆಯೊಂದನ್ನೇ ಹಿಡಿದು ಎಣಿಸಿದರೆ ಈ ಇಬ್ಬರೂ ಕನ್ನಡದ ಲೆಕ್ಕಕ್ಕೆ ಸಿಕ್ಕುವುದಿಲ್ಲ. ನಮ್ಮ ಕಡೆ ಕನ್ನಡವು ಅನೇಕರಿಗೆ ತೊಟ್ಟಿಲ ಭಾಷೆಯಲ್ಲ. ಅಕ್ಷರದ, ದೇವಸ್ಥಾನದ, ಯಕ್ಷಗಾನದ ಭಾಷೆ. ಕುಂಬಳೆಯ ಪಾರ್ತಿಸುಬ್ಬನ ಪ್ರಸಂಗಗಳನ್ನು ರಾತ್ರಿಯಿಡೀ ಕನ್ನಡದಲ್ಲಿ ಕೇಳಿದವರು ಬೆಳಗ್ಗೆ ತುಳುವಿನಲ್ಲಿ ಮಾತಾಡುತ್ತ ಮನೆಗೆ ನಡೆಯುತ್ತಾರೆ. ಹಾಗೆಂದು ತುಳುವರನ್ನೆಲ್ಲ ಕೇಳದೆಯೇ ಕನ್ನಡದ ಪಟ್ಟಿಗೆ ಸೇರಿಸಿದ್ದೂ ಸರಿಯಲ್ಲ. ತುಳುವಿಗೆ ಸಂವಿಧಾನದ ಎಂಟನೆಯ ಅನುಸೂಚಿಯಲ್ಲಿ ಸ್ಥಾನ ಬೇಕೆಂದು ಕೇಳುತ್ತಿರುವ ಇಂದಿನ ತರುಣರು ಆ ಲೆಕ್ಕವನ್ನು ಒಪ್ಪುವುದಿಲ್ಲ. ಬ್ಯಾರಿಗಳ ಮಾತನ್ನು ಮಲೆಯಾಳದ ಒಂದು ಬಗೆಯೆಂದು ಬಹುಕಾಲ ಬರೆದುಕೊಂಡರು. ಅದು ಸ್ವತಂತ್ರ ಭಾಷೆಯೆನ್ನುವ ಬ್ಯಾರಿಗಳು ಈಗ ಬೇಕಾದಷ್ಟು ಮಂದಿ.

ಇದೆಲ್ಲ ಪಂಡಿತರ ಜಗಳವೆಂದು ಯಾರೂ ತಿಳಿಯಬಾರದು. ಲೆಕ್ಕದ ಮೇಲೆಯೇ ಶಾಲೆ, ಪುಸ್ತಕ, ಉದ್ಯೋಗ ನಿಂತಿವೆ. 2017ರಲ್ಲಿ ಕೇರಳವು ಹತ್ತನೆಯ ತರಗತಿಯವರೆಗೆ ಮಲೆಯಾಳ ಕಲಿಕೆಯನ್ನು ಕಡ್ಡಾಯ ಮಾಡಿದಾಗ ಕಾಸರಗೋಡಿನ ಕನ್ನಡಿಗರು ಬೀದಿಗಿಳಿದರು. ಮಲೆಯಾಳದ ಮೇಲೆ ನಮಗೆ ಹಗೆಯಿಲ್ಲ. ಪೇಟೆಗೆ ಹೋದರೆ ಅದು ತಾನಾಗಿ ನಾಲಿಗೆಗೆ ಬರುತ್ತದೆ. ಆದರೆ ನನ್ನ ತಂಗಿಯ ಕನ್ನಡ ಮಾಧ್ಯಮದ ತರಗತಿಗೆ ಕನ್ನಡದ ಒಂದಕ್ಷರವೂ ಅರಿಯದ ಮಾಸ್ತರರೊಬ್ಬರು ಗಣಿತ ಹೇಳಲು ಬಂದರು. ಪಾಪ, ಅವರೂ ಬೆವರಿದರು, ಮಕ್ಕಳೂ ಬೆವರಿದರು. ಮೂರು ತಿಂಗಳು ಅವಳು ಪಾಠವನ್ನು ಕಪ್ಪುಹಲಗೆಯ ಅಂಕಿಗಳಿಂದಲೇ ಊಹಿಸಿಕೊಂಡಳು. ಕೊನೆಗೆ ತೀರ್ಥರೂಪರು ಅವಳನ್ನು ಮಲೆಯಾಳ ಮಾಧ್ಯಮಕ್ಕೆ ಸೇರಿಸಿದರು. ವಿಲೀನದ ಸಭೆಗಳಿಗೆ ತಪ್ಪದೆ ಹೋಗುವ ಮನುಷ್ಯ ಅವರು. ಆ ದಿನ ಊಟದ ಹೊತ್ತಿನಲ್ಲಿ ಯಾರೊಡನೆಯೂ ಮಾತಾಡಲಿಲ್ಲ. ಅವಳ ಹಳೆಯ ತರಗತಿಯಲ್ಲಿ ಈಗ ಒಂದು ತಲೆ ಕಡಿಮೆ.

2011ರ ಜನಗಣತಿಯ ಕಥೆಯನ್ನು ನಮ್ಮ ಮನೆಯಲ್ಲಿ ಇನ್ನೂ ಹೇಳಿಕೊಂಡು ನಗುತ್ತಾರೆ. ಮಾತೃಭಾಷೆ ಯಾವುದೆಂದು ಕೇಳಿದ್ದಕ್ಕೆ ಅಜ್ಜಿ “ತುಳು” ಎಂದರು. ತೀರ್ಥರೂಪರು ತಮ್ಮದು “ಕನ್ನಡ” ಎಂದು ಬರೆಸಿದರು. ಎಣಿಸಲು ಬಂದವರು ಪೆನ್ನನ್ನೆತ್ತಿ, “ತಾಯಿಯದು ಬೇರೆ, ಮಗನದು ಬೇರೆ ಹೇಗಾದೀತು?” ಎಂದು ಮಲೆಯಾಳದಲ್ಲಿ ಕೇಳಿದರಂತೆ. ಅಜ್ಜಿ ಮಲೆಯಾಳದಲ್ಲೇ ಉತ್ತರಕೊಟ್ಟರು: “ಅವನನ್ನು ಶಾಲೆಗೆ ಕಳಿಸಿದ್ದೆ.”

ಮುಂದಿನ ಎಣಿಕೆಗೆ ನಾನು ಊರಲ್ಲಿರುತ್ತೇನೆ. ತಂಗಿಯ ಹೆಸರಿನ ಮುಂದೆ ಏನು ಬರೆಸಬೇಕೆಂಬುದು ಇನ್ನೂ ತೀರ್ಮಾನವಾಗಿಲ್ಲ. ಅವಳನ್ನೇ ಕೇಳಬೇಕೆಂದು ಅಮ್ಮ ಹೇಳುತ್ತಾರೆ.