ನಮ್ಮೂರಿನ ನೀರು, ನಮ್ಮ ಹಲ್ಲು

ನಗು ಬಂದಾಗ ಎಡಗೈಯನ್ನು ಬಾಯಿಗೆ ಅಡ್ಡ ಹಿಡಿಯುವುದು ನಮ್ಮ ಹಳೆಯ ಅಭ್ಯಾಸ. ಹನ್ನೆರಡು ವರ್ಷಗಳಿಂದ ಮುಂಬಯಿಯಲ್ಲಿ ಮಕ್ಕಳಿಗೆ ಕನ್ನಡ ಕಲಿಸುತ್ತಿರುವ ನಮ್ಮನ್ನು ಸಹೋದ್ಯೋಗಿಗಳು ಬಹಳ ಗಂಭೀರ ಸ್ವಭಾವದವರೆಂದು ತಿಳಿದಿದ್ದಾರೆ. ಆ ಕೀರ್ತಿಗೆ ನಾವು ಅರ್ಹರಲ್ಲ. ನಮ್ಮ ಮುಂದಿನ ಹಲ್ಲುಗಳ ಮೇಲೆ ಕಂದುಬಣ್ಣದ ಅಡ್ಡಪಟ್ಟೆಗಳಿವೆ. ಗಾಂಭೀರ್ಯವೆಲ್ಲ ಅವುಗಳ ಕೃಪೆ.

ಕಳೆದ ಮಳೆಗಾಲದಲ್ಲಿ ವಿಜ್ಞಾನದ ಶಿಕ್ಷಕಿಯವರು ರಜೆಯ ಮೇಲಿದ್ದುದರಿಂದ ಏಳನೆಯ ತರಗತಿಗೆ ನೀರಿನ ಪಾಠವನ್ನು ಮಾಡುವ ಭಾರ ನಮ್ಮ ಮೇಲೆ ಬಿದ್ದಿತು. ನಾವು ಕನ್ನಡ ಮಾಧ್ಯಮದಲ್ಲಿ ಮೆಟ್ರಿಕ್ ಮುಗಿಸಿ, ಶಿಕ್ಷಕರ ತರಬೇತಿ ಪಡೆದು ಬಂದವರು; ಷಟ್ಪದಿಯ ಮಾತ್ರೆಗಳನ್ನು ಎಣಿಸಿದಷ್ಟು ಸಲೀಸಾಗಿ ಪರಮಾಣುಗಳನ್ನು ಎಣಿಸಲಾರೆವು. ಆದರೂ ಒಪ್ಪಿಕೊಂಡ ಮೇಲೆ ಬಿಡುವಂತಿಲ್ಲವೆಂದು ಎರಡು ರಾತ್ರಿ ದೀಪದ ಮುಂದೆ ಕುಳಿತು ಓದಿದೆವು. ಓದುತ್ತ ಹೋದಂತೆ, ದಿನವೂ ಕುಡಿಯುವ ನೀರಿನ ವಿಷಯದಲ್ಲಿ ನಮಗಿದ್ದ ಅಜ್ಞಾನ ಎಷ್ಟೆಂಬುದು ಮನವರಿಕೆಯಾಯಿತು.

ನೀರಿನ ಒಂದು ಅಣುವಿನಲ್ಲಿ ಎರಡು ಜಲಜನಕದ ಪರಮಾಣುಗಳೂ ಒಂದು ಆಮ್ಲಜನಕದ ಪರಮಾಣುವೂ ಇವೆಯೆಂಬುದು ನಮ್ಮ ಕಾಲದ ಪಠ್ಯದಲ್ಲಿಯೂ ಇದ್ದಿತು. ಆದರೆ ಆ ಮೂರೂ ನೆಟ್ಟನೆಯ ಗೆರೆಯಲ್ಲಿ ನಿಂತಿಲ್ಲ, ಸುಮಾರು ೧೦೪.೫ ಡಿಗ್ರಿಯ ಕೋನದಲ್ಲಿ ಬಾಗಿ ನಿಂತಿವೆ ಎಂಬುದನ್ನು ನಮಗೆ ಯಾರೂ ಹೇಳಿರಲಿಲ್ಲ. ಎಲ್ಲ ಚಮತ್ಕಾರವೂ ಈ ಬಾಗಿನಲ್ಲಿಯೇ ಇದೆ. ಆಮ್ಲಜನಕವು ಹಂಚಿಕೊಂಡ ಎಲೆಕ್ಟ್ರಾನುಗಳನ್ನು ತನ್ನ ಕಡೆಗೆ ಕೊಂಚ ಹೆಚ್ಚಾಗಿಯೇ ಎಳೆದುಕೊಳ್ಳುವ ಸ್ವಭಾವದ್ದು. ಹೀಗಾಗಿ ಅಣುವಿನ ಒಂದು ಬದಿಗೆ ಅಲ್ಪ ಋಣವಿದ್ಯುತ್ತೂ ಜಲಜನಕವಿರುವ ಬದಿಗೆ ಅಲ್ಪ ಧನವಿದ್ಯುತ್ತೂ ಉಳಿಯುತ್ತವೆ. ಅಣು ನೆಟ್ಟಗಿದ್ದರೆ ಎರಡು ಕಡೆಯ ಎಳೆತಗಳು ಒಂದನ್ನೊಂದು ತಿಂದುಹಾಕುತ್ತಿದ್ದವು. ಬಾಗಿರುವುದರಿಂದ ಒಂದು ಅಣು ಮತ್ತೊಂದರ ಕೈ ಹಿಡಿಯುತ್ತದೆ. ಜಲಜನಕದ ಸಲ್ಫೈಡು ನೀರಿಗಿಂತ ಭಾರವಾದ ಅಣುವುಳ್ಳದ್ದಾದರೂ ಸೊನ್ನೆಗಿಂತ ೬೦ ಡಿಗ್ರಿ ಕೆಳಗೇ ಕುದಿದು ಅನಿಲವಾಗುತ್ತದೆ. ನೀರಾದರೋ ೧೦೦ ಡಿಗ್ರಿಯವರೆಗೆ ಕಾದು ಕುಳಿತಿರುತ್ತದೆ. ಹೀಗೆ ಕೈ ಹಿಡಿಯುವ ಗುಣವಿಲ್ಲದಿದ್ದರೆ ಭೂಮಿಯ ಮೇಲೆ ಹೊಳೆಯೂ ಇರುತ್ತಿರಲಿಲ್ಲ, ಹಳ್ಳವೂ ಇರುತ್ತಿರಲಿಲ್ಲ, ನೀರಿನ ಪಾಠ ಮಾಡುವ ನಾವೂ ಇರುತ್ತಿರಲಿಲ್ಲ.

ಮಂಜುಗಡ್ಡೆ ತೇಲುವುದು, ಬೆವರು ಆರಿ ಮೈ ತಂಪಾಗುವುದು, ಇವನ್ನೆಲ್ಲ ಬೇಗ ಬೇಗ ಹೇಳಿ ಮುಗಿಸಿ, ಗಾಜಿನ ಲೋಟದ ನೀರಿಗೆ ಒಂದು ಚಮಚ ಉಪ್ಪು ಹಾಕಿ ಕದಡಿ, "ಉಪ್ಪು ಎಲ್ಲಿ ಹೋಯಿತು?" ಎಂದು ತರಗತಿಯನ್ನು ಕೇಳಿದೆವು. ನೀರಿನ ಅಣುಗಳು ಉಪ್ಪಿನ ಹರಳನ್ನು ಸುತ್ತುವರಿದು, ತಮ್ಮ ಋಣದ ಬದಿಯಿಂದ ಸೋಡಿಯಮ್ಮನ್ನೂ ಧನದ ಬದಿಯಿಂದ ಕ್ಲೋರೈಡನ್ನೂ ಬಿಡಿಸಿಕೊಂಡು ಒಯ್ಯುವ ಬಗೆಯನ್ನು ಹಲಗೆಯ ಮೇಲೆ ಬರೆದು ತೋರಿಸಿದೆವು. ಜೋಳದ ಬೇರು ನೆಲದ ಸಾರವನ್ನು ಹೀರುವುದು ಅದು ನೀರಿನಲ್ಲಿ ಕರಗಿದಾಗ ಮಾತ್ರ. ನಮ್ಮ ರಕ್ತವು ಸಕ್ಕರೆಯನ್ನೂ ಲವಣಗಳನ್ನೂ ಮೈಯೆಲ್ಲ ಹೊತ್ತು ತಿರುಗುವುದು ಅದರಲ್ಲಿ ನೀರಿರುವುದರಿಂದ. ಮನುಷ್ಯನ ಮೈಯ ತೂಕದಲ್ಲಿ ನೂರಕ್ಕೆ ಅರವತ್ತರಷ್ಟು ಭಾಗ ನೀರೇ ಎಂದಾಗ ಮಕ್ಕಳು ಪರಸ್ಪರ ತೋಳುಗಳನ್ನು ಒತ್ತಿ ನೋಡಿಕೊಂಡರು. "ಇಷ್ಟು ಉದಾರವಾದ ವಸ್ತು ಮತ್ತೊಂದಿಲ್ಲ," ಎಂದು ನಾವು ಸ್ವಲ್ಪ ಭಾವುಕರಾಗಿ ನಕ್ಕೆವು. ಉತ್ಸಾಹದಲ್ಲಿ ಕೈ ಅಡ್ಡ ಹಿಡಿಯುವುದನ್ನು ಮರೆತೆವು.

ಎರಡನೆಯ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು. "ಸರ್, ನೀವು ತಂಬಾಕು ತಿನ್ತೀರೇನ್ರಿ?"

ತರಗತಿ ಘೊಳ್ಳೆಂದು ನಕ್ಕಿತು. ನಗದೆ ಇದ್ದವನು ಒಬ್ಬನೇ. ಆ ವರ್ಷವಷ್ಟೇ ಊರಿನಿಂದ ಬಂದು ಸೇರಿದ್ದ, ಕಟ್ಟಡದ ಕೂಲಿಯ ಮಗ; ಕೊನೆಯ ಬೆಂಚಿನಲ್ಲಿ ತಲೆ ಬಗ್ಗಿಸಿ, ಬಾಯಿಗೆ ಕೈ ಅಡ್ಡ ಹಿಡಿದು ಕುಳಿತಿದ್ದ. ಪದ್ಯವನ್ನು ಗಟ್ಟಿಯಾಗಿ ಓದೆಂದರೆ ಬಾಯಿ ಬಿಡದ ಆ ಹುಡುಗನನ್ನು ನಾವು ಜೂನ್ ತಿಂಗಳಿನಿಂದ ಮೂರು ಸಲ ಗದರಿಸಿದ್ದೆವು. ಓದಲು ಬಾರದವರ ಪಟ್ಟಿಯಲ್ಲಿ ಅವನ ಹೆಸರನ್ನೂ ಬರೆದಿದ್ದೆವು. ಆ ಕೈ ಯಾತಕ್ಕೆಂದು ಜಗತ್ತಿನಲ್ಲಿ ಯಾರಿಗೆ ತಿಳಿಯದಿದ್ದರೂ ನಮಗೆ ತಿಳಿಯಬೇಕಾಗಿತ್ತು.

ಪಾಠದ ಪುಸ್ತಕವನ್ನು ಮುಚ್ಚಿಟ್ಟೆವು. ಮೂವತ್ತು ವರ್ಷ ಯಾರಿಗೂ ಹೇಳದೆ ಇದ್ದ ಕಥೆಯನ್ನು ಹೇಳತೊಡಗಿದೆವು.

ನಮ್ಮೂರು ಗದಗ ಜಿಲ್ಲೆಯ ಮುಂಡರಗಿ ಸೀಮೆಯಲ್ಲಿದೆ. ಅಜ್ಜನ ಕಾಲದಲ್ಲಿ ಕೆರೆಯ ನೀರನ್ನೇ ಕುಡಿಯುತ್ತಿದ್ದರು; ಅಜ್ಜನ ಮೀನಖಂಡದಲ್ಲಿ ನಾರುಹುಣ್ಣಿನ ಕಲೆ ಕೊನೆಯವರೆಗೂ ಇದ್ದಿತು. ನಾವು ಹುಟ್ಟುವ ಹೊತ್ತಿಗೆ ಊರ ನಡುವೆ ಬೋರಿಂಗು ಬಂದಿತು. ತಿಳಿಯಾದ ನೀರು, ಬಣ್ಣವಿಲ್ಲ, ವಾಸನೆಯಿಲ್ಲ. ನಾರುಹುಣ್ಣಿನ ಕಾಟ ತಪ್ಪಿತೆಂದು ಊರವರು ಆ ಕಬ್ಬಿಣದ ಕೈಪಂಪಿಗೆ ಅರಿಷಿಣ ಕುಂಕುಮವನ್ನೂ ಹಚ್ಚಿದರು. ಅವರು ಹಚ್ಚಿದ್ದು ತಪ್ಪೆಂದು ನಾವು ಇಂದಿಗೂ ಹೇಳಲಾರೆವು. ೧೯೯೬ರ ಅನಂತರ ಭಾರತದಲ್ಲಿ ಆ ಹುಣ್ಣು ಕಾಣಿಸಿಕೊಂಡಿಲ್ಲವೆಂದರೆ ಅದರಲ್ಲಿ ಇಂಥ ಕೈಪಂಪುಗಳ ಪಾಲೂ ಇದೆ. ಆದರೆ ನೆಲದಾಳದ ಗ್ರಾನೈಟು ಕಲ್ಲಿನಲ್ಲಿ ಫ್ಲೋರೈಡು ಇರುತ್ತದೆ. ಕಲ್ಲಿನ ಬಿರುಕುಗಳಲ್ಲಿ ವರ್ಷಗಟ್ಟಲೆ ನಿಂತ ನೀರು, ಲೋಟದಲ್ಲಿ ಉಪ್ಪನ್ನು ಒಯ್ದ ಹಾಗೆಯೇ ಅದನ್ನೂ ಸ್ವಲ್ಪ ಸ್ವಲ್ಪವಾಗಿ ಬಿಡಿಸಿಕೊಂಡು ಬರುತ್ತದೆ. ಇದು ಬೇಕು, ಇದು ಬೇಡ ಎಂಬ ವಿವೇಚನೆ ನೀರಿಗೆಲ್ಲಿಂದ ಬರಬೇಕು?

ಲೀಟರಿಗೆ ಒಂದು ಮಿಲಿಗ್ರಾಮಿನ ಆಸುಪಾಸಿನಲ್ಲಿದ್ದರೆ ಫ್ಲೋರೈಡು ಹಲ್ಲಿಗೆ ಹುಳುಕು ಹತ್ತದಂತೆ ಕಾಯುತ್ತದೆ. ೧.೫ ಮಿಲಿಗ್ರಾಮನ್ನು ದಾಟಿದರೆ ಕುಡಿಯಲು ಯೋಗ್ಯವಲ್ಲವೆಂದು ನಿಯಮ. ಎಳೆಯ ಮಕ್ಕಳ ಒಸಡಿನೊಳಗೆ ಹಲ್ಲಿನ ಹೊರಗವಚ ಸಿದ್ಧವಾಗುವ ಕಾಲದಲ್ಲಿ, ಎಂದರೆ ಸುಮಾರು ಎಂಟು ವರ್ಷದೊಳಗೆ, ಅದು ಅತಿಯಾದರೆ ಆ ಕವಚವೇ ಸರಿಯಾಗಿ ಗಟ್ಟಿಗೊಳ್ಳುವುದಿಲ್ಲ. ಮೊದಲು ಸುಣ್ಣದಂಥ ಬಿಳಿಯ ಮಚ್ಚೆ, ಆಮೇಲೆ ಕಂದು ಪಟ್ಟೆ. ಅಮೆರಿಕದ ಕೊಲೊರಾಡೊ ಸ್ಪ್ರಿಂಗ್ಸ್ ಎಂಬ ಊರಿಗೆ ೧೯೦೧ರಲ್ಲಿ ಬಂದ ಫ್ರೆಡೆರಿಕ್ ಮೆಕೇ ಎಂಬ ದಂತವೈದ್ಯ ಅಲ್ಲಿಯ ಮಕ್ಕಳ ಹಲ್ಲು ನೋಡಿ ಬೆರಗಾದನಂತೆ. ಕಾರಣ ಫ್ಲೋರೈಡೆಂದು ಚರ್ಚಿಲ್ ಎಂಬ ರಸಾಯನಶಾಸ್ತ್ರಜ್ಞ (ಇಂಗ್ಲೆಂಡಿನ ಪ್ರಧಾನಿಯಾಗಿದ್ದ ಚರ್ಚಿಲ್ಲರಲ್ಲ) ಕಂಡುಹಿಡಿದದ್ದು ೧೯೩೧ರಲ್ಲಿ. ನಮ್ಮ ದೇಶದಲ್ಲಿ ೧೯೩೭ರಲ್ಲಿಯೇ ನೆಲ್ಲೂರು ಜಿಲ್ಲೆಯಿಂದ ಇದೇ ವ್ಯಾಧಿಯ ವರದಿ ಬಂದಿತ್ತು. ನಮ್ಮ ಓಣಿಗೆ ಮಾತ್ರ ಆ ಸುದ್ದಿ ಮುಟ್ಟಿರಲಿಲ್ಲ. ಹಲ್ಲು ಸರಿಯಾಗಿ ತಿಕ್ಕುವುದಿಲ್ಲವೆಂದು ಅಪ್ಪ ಬಯ್ಯುತ್ತಿದ್ದರು. ನಾವು ಇಟ್ಟಂಗಿಯ ಪುಡಿಗೆ ಉಪ್ಪು ಬೆರೆಸಿ, ಒಸಡಿನಿಂದ ರಕ್ತ ಬರುವತನಕ ತಿಕ್ಕುತ್ತಿದ್ದೆವು. ಹಲ್ಲಿನ ಒಳಗೇ ಸೇರಿಕೊಂಡ ಬಣ್ಣ ಹೊರಗಿನ ಇಟ್ಟಂಗಿಗೆ ಹೇಗೆ ಬಗ್ಗೀತು!

ಅವ್ವನ ಮಾತನ್ನು ಹೇಳಬೇಕೋ ಬೇಡವೋ ಎಂದು ಯೋಚಿಸಿ, ಹೇಳಿಯೇ ಬಿಟ್ಟೆವು. ಮೂರು ವರ್ಷಗಳ ಹಿಂದೆ ಅವಳನ್ನು ಇಲ್ಲಿಗೆ ಕರೆತಂದಿದ್ದೆವು. ಕತ್ತು ಹೊರಳಿಸಲಾರದೆ, ಕರೆದರೆ ಇಡೀ ಮೈಯನ್ನೇ ತಿರುಗಿಸಿ ನೋಡುತ್ತಿದ್ದಳು. ವಯಸ್ಸಿನ ವಾತವೆಂದು ನಾವು ನಂಬಿದ್ದೆವು. ಕ್ಷಕಿರಣದ ಚಿತ್ರವನ್ನು ದೀಪದೆದುರು ಹಿಡಿದ ವೈದ್ಯರು ಬೆನ್ನೆಲುಬನ್ನು ತೋರಿಸಿ, "ಯಾವ ಊರಿನ ನೀರು ಕುಡಿದವರು?" ಎಂದು ಮೊದಲು ಅದನ್ನೇ ಕೇಳಿದರು. ಮುಂಬಯಿಗೆ ಬರುವುದು ಮಳೆಯ ನೀರು. ೧೮೬೦ರ ವಿಹಾರ, ೧೮೯೨ರ ತಾನಸಾ ಮೊದಲಾದ ಕೆರೆಗಳಲ್ಲಿ ನಿಂತು ಕೊಳವೆಯಲ್ಲಿ ಹರಿದು ಬರುವಂಥದು. ಕಲ್ಲಿನ ಆಳದಲ್ಲಿ ಬಹುಕಾಲ ತಂಗಿದ್ದಲ್ಲ. ಅವ್ವ ಮೊದಲ ಗುಟುಕು ಕುಡಿದು, "ಈ ನೀರಿಗೆ ರುಚೀನ ಇಲ್ಲ ನೋಡಪಾ," ಎಂದಳು. ಹದಿನೈದು ದಿನಕ್ಕೆ ಊರು ನೆನೆದು ಹೊರಟುಹೋದಳು.

ಗಂಟೆ ಬಾರಿಸಿತು. ತಂಬಾಕಿನ ಪ್ರಶ್ನೆ ಕೇಳಿದ ಹುಡುಗಿ ತಲೆ ತಗ್ಗಿಸಿದ್ದಳು. ಒಳ್ಳೆಯ ಪ್ರಶ್ನೆಯೇ ಕೇಳಿದೆಯಮ್ಮ ಎಂದು ಹೇಳಿ ಕಳಿಸಿದೆವು. ಕೊನೆಯ ಬೆಂಚಿನ ಹುಡುಗ ಹೊರಗೆ ಹೋಗದೆ ನಮ್ಮ ಮೇಜಿನ ಬಳಿ ಬಂದು ನಿಂತನು.

"ಸರ್, ನಮ್ಮ ತಂಗಿಗೆ ಮೂರು ವರ್ಷರೀ. ಊರಾಗ ಅವ್ವನ ಕೂಡ ಅದಾಳ. ಹಲ್ಲು ಇನ್ನೂ ಬೆಳ್ಳಗ ಅದಾವ್ರಿ. ಅವ್ವ ದಿನಾ ನೀರು ಕುದಿಸೇ ಕುಡಸ್ತಾಳ್ರಿ. ನಡೀತೈತೇನ್ರಿ?"

ನಡೆಯುವುದಿಲ್ಲ. ಕುದಿಸಿದರೆ ರೋಗದ ಕ್ರಿಮಿ ಸಾಯುತ್ತದೆ, ಫ್ಲೋರೈಡು ಹೋಗುವುದಿಲ್ಲ. ನೀರು ಆವಿಯಾಗಿ ಕಡಿಮೆಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಹೆಚ್ಚೇ ಆಗುತ್ತದೆ. ಇದನ್ನು ಆ ಹುಡುಗನ ಮುಖ ನೋಡಿಕೊಂಡು ಹೇಳುವುದು ನಮಗೆ ಕಷ್ಟವಾಯಿತು. ಊರಿನಲ್ಲಿ ನಾಣ್ಯ ಹಾಕಿ ಕೊಡ ತುಂಬಿಸುವ ಶುದ್ಧ ನೀರಿನ ಘಟಕ ಇದೆಯೇ ಎಂದು ಕೇಳಿದೆವು. ಇದೆಯಂತೆ, ಊರ ಆಚೆಯ ತುದಿಗೆ, ದೂರ. ತಾಯಿ ಕೂಲಿಯಿಂದ ಬರುವಷ್ಟರಲ್ಲಿ ಮುಚ್ಚಿರುತ್ತದಂತೆ. ಮಳೆಗಾಲವಾದುದರಿಂದ ಮಾಳಿಗೆಯ ನೀರನ್ನು ಶುಭ್ರವಾದ ಹಂಡೆಯಲ್ಲಿ ಹಿಡಿದು, ಅದನ್ನು ಬೇಕಾದರೆ ಕುದಿಸಿ ಮಗುವಿಗೆ ಕೊಡಲಿ, ಬೇಸಗೆಗೆ ಘಟಕದ ನೀರನ್ನು ತರುವ ಏರ್ಪಾಡು ಮಾಡಿಕೊಳ್ಳಲಿ ಎಂದು ಒಂದು ಚೀಟಿಯಲ್ಲಿ ದೊಡ್ಡ ಅಕ್ಷರಗಳಲ್ಲಿ ಬರೆದುಕೊಟ್ಟು, ನಮ್ಮ ಫೋನಿನಿಂದಲೇ ಅವನ ತಾಯಿಗೆ ಕರೆ ಮಾಡಿದೆವು.

ಆ ಕಡೆ ಗಾಳಿಯ ಸದ್ದು ಬಹಳವಿದ್ದಿರಬೇಕು. ಹುಡುಗ ಒಂದು ಕೈಯಲ್ಲಿ ಫೋನು, ಇನ್ನೊಂದು ಕೈಯಲ್ಲಿ ಚೀಟಿ ಹಿಡಿದುಕೊಂಡು, ನಾವು ಬರೆದುದನ್ನು ಪಡಸಾಲೆಗೆಲ್ಲ ಕೇಳುವಂತೆ, ಒಂದಕ್ಷರವೂ ತಪ್ಪದೆ ಎರಡು ಸಲ ಓದಿದನು.