ಮರ ಅವರದು, ನೆರಳು ಯಾರದು?

ಕನ್ನಡದಲ್ಲಿ ನೆರಳು ಎಂದರೆ ಮುಗಿಯಿತು. ಬಿಸಿಲಲ್ಲಿ ನಮ್ಮ ಬೆನ್ನಿಗೇ ಬರುವುದೂ ನೆರಳು, ದಣಿದವನು ಹುಡುಕಿಕೊಂಡು ಹೋಗಿ ಕೂರುವುದೂ ನೆರಳಲ್ಲೇ. ನಮ್ಮ ಕಡೆಯ ತುಳುವಿನಲ್ಲೂ ನಿರೆಲ್ ಒಂದೇ. ಇಂಗ್ಲಿಷಿನವರು ಮಾತ್ರ ಇದರಲ್ಲಿ ಶೇಡ್, ಶ್ಯಾಡೋ ಎಂದು ಎರಡು ಮಾಡಿಕೊಂಡಿದ್ದಾರೆ. ಹಳೆಯ ಇಂಗ್ಲಿಷಿನಲ್ಲಿ ಇವೆರಡೂ ಒಂದೇ ಶಬ್ದದ ಬೇರೆ ಬೇರೆ ವಿಭಕ್ತಿರೂಪಗಳಾಗಿದ್ದವು. ಆಮೇಲೆ ಒಂದೇ ಮನೆಯ ಅಣ್ಣತಮ್ಮಂದಿರು ಪಾಲಾದ ಹಾಗೆ ಬೇರೆ ಬೇರೆ ಒಲೆ ಹೂಡಿದವು. ಒಬ್ಬನ ಪಾಲಿಗೆ ತಂಪು ಬಂತು, ಇನ್ನೊಬ್ಬನ ಪಾಲಿಗೆ ಬರಿಯ ಆಕಾರ.

ಈ ಪಾಲುಪಟ್ಟಿ ನಮ್ಮ ಕೊಯಿಲಕ್ಕೆ ಬಂದದ್ದು ಇಂಗ್ಲಿಷ್ ಮಾಸ್ತರರ ಮೂಲಕ. ಆಗ ಕೊಯಿಲ ಪುತ್ತೂರು ತಾಲೂಕಿನಲ್ಲಿತ್ತು. ಈಗ ಕಡಬಕ್ಕೆ ಸೇರಿದೆ. ಅದೂ ಒಂದು ಪಾಲೇ ಅನ್ನಿ. "ಶ್ಯಾಡೋಗೆ ಅಂಚು ಉಂಟು, ಆಕಾರ ಉಂಟು. ಶೇಡಿಗೆ ಅದಿಲ್ಲ, ತಂಪು ಉಂಟು. ಶ್ಯಾಡೋವನ್ನು ತುಳಿಯಬಹುದು, ಶೇಡಿನಲ್ಲಿ ಕೂರಬಹುದು," ಎಂದು ಮಾಸ್ತರರು ವಿವರಿಸುತ್ತಿದ್ದಾಗ ಹಿಂದಿನ ಬೆಂಚಿನಿಂದ ಒಬ್ಬ ಎದ್ದ. "ಸರ್, ಅಡಿಕೆ ಮರದ್ದು ಎಂತದು?"

ತರಗತಿಯೆಲ್ಲ ನಕ್ಕಿತು. ಮಾಸ್ತರರು ನಗಲಿಲ್ಲ. ಕಿಟಕಿಯ ಬಳಿ ಹೋಗಿ ರಸ್ತೆಯಾಚೆಯ ತೋಟವನ್ನು ಸ್ವಲ್ಪ ಹೊತ್ತು ನೋಡಿದರು. "ಒಂದು ಮರದ್ದಾದರೆ ಶ್ಯಾಡೋ. ತೋಟದ್ದಾದರೆ ಶೇಡ್," ಎಂದರು. ಇದಕ್ಕಿಂತ ಒಳ್ಳೆಯ ಅರ್ಥವಿವರಣೆಯನ್ನು ನಾನು ಯಾವ ನಿಘಂಟಿನಲ್ಲೂ ನೋಡಿಲ್ಲ. ಪರೀಕ್ಷೆಯಲ್ಲಿ ಮಾತ್ರ ಅದೇ ಹುಡುಗ ಶೇಡನ್ನು ಶೆಡ್ ಮಾಡಿ, ದನವು ಶೆಡ್ಡಿನಲ್ಲಿ ಮಲಗಿದೆ ಎಂದು ಬರೆದಿಟ್ಟ. ಸರಕಾರದ ಜಾನುವಾರು ಫಾರ್ಮ್ ಇರುವ ಊರಿನಲ್ಲಿ ಅದನ್ನು ಪೂರ್ತಿ ತಪ್ಪೆನ್ನಲು ಮಾಸ್ತರರಿಗೆ ಮನಸ್ಸು ಬರಲಿಲ್ಲ. ಅರ್ಧ ಅಂಕ ಕೊಟ್ಟರು.

ನಮ್ಮ ಅಜ್ಜನಿಗೆ ಇಂಗ್ಲಿಷ್ ಗೊತ್ತಿರಲಿಲ್ಲ. ಆದರೆ ಈ ಎರಡು ನೆರಳುಗಳ ಭೇದ ಅವರಷ್ಟು ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಅಡಿಕೆ ಬೆಳೆಯುವವರ ಪಾಡೇ ಹಾಗೆ. ತೋಟದಲ್ಲಿ ನೆರಳು ಬೇಕು, ಅಂಗಳದಲ್ಲಿ ನೆರಳು ಬೇಡ. ಕೊಯ್ದ ಹಣ್ಣಡಿಕೆ ಒಣಗಿ ಚಾಲಿಯಾಗಲು ನಲವತ್ತು ದಿನವಾದರೂ ಒಳ್ಳೆಯ ಬಿಸಿಲು ಬೇಕು. ನಮ್ಮ ಅಂಗಳದ ಬಿಸಿಲಿಗೆ ಅಡ್ಡವಾಗಿ ನಿಂತಿದ್ದದ್ದು ಚಿಕ್ಕಜ್ಜನ ಹಲಸಿನ ಮರ. ಅಣ್ಣತಮ್ಮ ಪಾಲಾದಾಗ ಮರ ತಮ್ಮನ ಭಾಗಕ್ಕೆ ಹೋಗಿತ್ತು. ಅದರ ನೆರಳು ಯಾರಿಗೆ ಎಂಬುದನ್ನು ಪಾಲುಪತ್ರದಲ್ಲಿ ಬರೆಯಲು ಬಿಟ್ಟುಹೋಗಿತ್ತು.

ಬೆಳಗ್ಗೆ ಸೂರ್ಯ ಗುಡ್ಡ ದಾಟಿ ಬಂದ ಕೂಡಲೇ ಮರದ ನೆರಳು ಬೇಲಿ ದಾಟಿ ನಮ್ಮ ಅಂಗಳಕ್ಕೆ ಬಂದು ಮೈಚಾಚುತ್ತಿತ್ತು. ಮಕ್ಕಳಾದ ನಮಗೆ ಅದನ್ನು ಕಾಯುವ ಕೆಲಸ. "ನೆರಳು ಬಂತು, ಎಳೀರೋ!" ಎಂದು ಅಜ್ಜ ಜಗಲಿಯಿಂದ ಕೂಗಿದಾಗ ನಾವು ಅಡಿಕೆಯನ್ನು ಕಾಲಿನಿಂದಲೇ ಬಿಸಿಲಿನ ಕಡೆಗೆ ದೂಡಬೇಕು. ಬೇಲಿಯಾಚೆಗೆ ಕೇಳಲೆಂದೇ ಅಜ್ಜ ಗಟ್ಟಿಯಾಗಿ ಹೇಳುವರು: "ತಮ್ಮಾ, ನಿನ್ನ ಮರ ಇವತ್ತೂ ಹತ್ತು ಗಂಟೆಯವರೆಗೆ ನಮ್ಮ ಅಂಗಳದಲ್ಲಿ ಮಲಗಿತ್ತು!"

ಆ ಕಡೆಯಿಂದ ಉತ್ತರ ತಡವಾಗುತ್ತಿರಲಿಲ್ಲ. "ಹಣ್ಣು ಬಿದ್ದಾಗ ಇಲ್ಲದ ಲೆಕ್ಕ ನೆರಳು ಬಿದ್ದಾಗ ಎಂತಕ್ಕೆ ಅಣ್ಣಾ?"

ಮಧ್ಯಾಹ್ನ ಕಳೆಯಿತೆಂದರೆ ಸೂರ್ಯ ಪಕ್ಷ ಬದಲಿಸುತ್ತಿದ್ದ. ನೆರಳು ನಮ್ಮ ಅಂಗಳ ಬಿಟ್ಟು ಚಿಕ್ಕಜ್ಜನ ಕಡೆಗೆ ಹೊರಳುತ್ತಿತ್ತು. ಊಟ ಮುಗಿಸಿದ ಅಜ್ಜ ಬೈರಾಸು ಹೆಗಲಿಗೆ ಹಾಕಿಕೊಂಡು, ಮೊಣಕಾಲು ಹಿಡಿದುಕೊಂಡು ತಡಮೆ ದಾಟಿ ಅದರ ಹಿಂದೆಯೇ ಹೋಗುವರು. ಮರದ ಬುಡದಲ್ಲಿ ಚಿಕ್ಕಜ್ಜ ಅಷ್ಟು ಹೊತ್ತಿಗೆ ಎರಡು ಅಡಿಕೆ ಹಾಳೆ ಹಾಸಿಟ್ಟಿರುತ್ತಿದ್ದರು. ಅಜ್ಜನ ಬಾಯಲ್ಲಿ ಹಲ್ಲಿರಲಿಲ್ಲ. ಚಿಕ್ಕಜ್ಜ ಎಲೆಗೆ ಸುಣ್ಣ ಹಚ್ಚಿ, ಅಡಿಕೆಯ ಜೊತೆ ಸಣ್ಣ ಕುಟ್ಟಾಣಿಗೆ ಹಾಕಿ ಟಕ್ ಟಕ್ ಎಂದು ಕುಟ್ಟಿ, ಒಳಗೆ ಅಂಟಿಕೊಂಡದ್ದನ್ನೂ ಬೆರಳಿನಿಂದ ಸವರಿ ತೆಗೆದು ಅಣ್ಣನ ಅಂಗೈಗೆ ಹಾಕುವರು. ಬೆಳಗಿನ ಜಗಳದ ಸುದ್ದಿಯನ್ನು ಇಬ್ಬರೂ ಎತ್ತುತ್ತಿರಲಿಲ್ಲ. ಅಡಿಕೆಯ ಧಾರಣೆ, ಯಾರದೋ ಮನೆಯ ಮದುವೆ, ಮಂಗಗಳ ಉಪದ್ರ, ಹೀಗೆ ಮಾತು ಸಾಗುತ್ತಿತ್ತು. ನಾಲ್ಕು ಗಂಟೆಯ ಕಾಫಿಗೆ ಕರೆಯಲು ನಾನೇ ಹೋಗಬೇಕಿತ್ತು.

ಒಂದು ಸಲ ಬೆಳಗಿನ ಮಾತು ಸ್ವಲ್ಪ ಜಾಸ್ತಿಯೇ ಆಯಿತು. ಮರುದಿನ ಚಿಕ್ಕಜ್ಜ ಕೊಡಲಿ, ಹಗ್ಗ ಹಿಡಿದ ಇಬ್ಬರು ಆಳುಗಳನ್ನು ಮರದ ಬುಡದಲ್ಲಿ ನಿಲ್ಲಿಸಿದರು. ಅಜ್ಜ ಬೈರಾಸನ್ನೂ ಮರೆತು ಓಡಿದರು.

"ಮರ ಕಡಿಯಲು ಹೇಳಿದ್ದು ಯಾರು?"

"ನೀವೇ ಅಲ್ಲವಾ ಅಣ್ಣಾ, ದಿನಾ ಬೆಳಗ್ಗೆ?"

"ನಾನು ನೆರಳು ತೆಗೆ ಅಂದದ್ದು. ಮರ ತೆಗೆ ಅಂದಿದ್ದೇನಾ?"

ಕೊನೆಗೆ ನಮ್ಮ ಕಡೆಗೆ ಚಾಚಿದ ಒಂದು ಗೆಲ್ಲು ಕಡಿಸಿದ್ದಾಯಿತು. ಅಂಗಳಕ್ಕೆ ಅರ್ಧ ಗಂಟೆಯ ಬಿಸಿಲು ಹೆಚ್ಚಿಗೆ ಸಿಕ್ಕಿತೋ ಏನೋ, ಜಗಳ ಮಾತ್ರ ಮೊದಲಿನಂತೆಯೇ ನಡೆಯಿತು.

ತೋಟದ ನೆರಳಿನ ಶಾಸ್ತ್ರ ಇನ್ನೂ ಸೂಕ್ಷ್ಮ. ಸಂಜೆಯ ಓರೆ ಬಿಸಿಲು ಬಡಿದರೆ ಎಳೆಯ ಅಡಿಕೆ ಮರದ ಕಾಂಡ ಸುಟ್ಟು ಸೀಳುತ್ತದೆ. ಅದಕ್ಕೇ ಸಸಿಗಳ ನಡುವೆ ಬಾಳೆ ನೆಡುವುದು, ಕಾಂಡಕ್ಕೆ ಹಾಳೆ ಕಟ್ಟುವುದು, ಸುಣ್ಣ ಬಳಿಯುವುದು. ಸಸಿಗಳ ನಡುವೆ 2.7 ಮೀಟರ್ ಅಂತರ ಬಿಡಬೇಕು, ಉತ್ತರ-ದಕ್ಷಿಣದ ಸಾಲನ್ನು ಪಶ್ಚಿಮಕ್ಕೆ 35 ಡಿಗ್ರಿ ವಾಲಿಸಬೇಕು ಎಂಬುದು ತಜ್ಞರ ಶಿಫಾರಸು. ಹೀಗೆ ನೆಟ್ಟರೆ ಒಂದು ಮರದ ಶ್ಯಾಡೋ ಪಕ್ಕದ ಮರಕ್ಕೆ ಶೇಡ್ ಆಗುತ್ತದೆ. ನಮ್ಮ ಮಾಸ್ತರರ ಮಾತಿಗೆ ವಿಜ್ಞಾನಿಗಳು ಹಾಕಿದ ಮೊಹರು ಎಂದೇ ನಾನು ತಿಳಿದಿದ್ದೇನೆ. ಆ ತಂಪನ್ನೇ ನಂಬಿಕೊಂಡು ನಮ್ಮ ತೋಟಗಳಿಗೆ ಕೊಕ್ಕೋ ಬಂತು, 1986ರಲ್ಲಿ ಪುತ್ತೂರಿನಲ್ಲಿ ಕ್ಯಾಂಪ್ಕೋದ ಚಾಕಲೇಟು ಕಾರ್ಖಾನೆ ಶುರುವಾಯಿತು. ಮಕ್ಕಳು ಚೀಪುವ ಚಾಕಲೇಟಿನಲ್ಲಿ ಒಂದಿಷ್ಟು ನೆರಳಿನ ಪಾಲೂ ಉಂಟು.

ಇಂಗ್ಲಿಷಿನ ಈ ವಿಂಗಡಣೆ ಸೋಲುವುದು ಫಾರ್ಮಿನ ಗುಡ್ಡದಲ್ಲಿ. ಮಳೆಗಾಲದ ಕೊನೆಗೆ ಗುಡ್ಡವಿಡೀ ಹಸುರಾದಾಗ ಮೋಡದ ನೆರಳು ಹುಲ್ಲಿನ ಮೇಲೆ ಜಾರಿಕೊಂಡು ಹೋಗುತ್ತದೆ. ದೂರದಲ್ಲಿ ನಿಂತ ನನಗೆ ಅದು ಶ್ಯಾಡೋ, ಅಂಚು ಕೂಡ ಕಾಣುತ್ತದೆ. ಅದರಡಿಯಲ್ಲಿ ಮೇಯುತ್ತಿರುವ ದನಕ್ಕೆ ಶೇಡ್. ಎರಡು ನಿಮಿಷದಲ್ಲಿ ಇಬ್ಬರಿಗೂ ಇಲ್ಲ.

ಏಪ್ರಿಲ್ ಕೊನೆಯ ವಾರದಲ್ಲಿ ಸೂರ್ಯ ನಮ್ಮ ನೆತ್ತಿಯ ನೇರಕ್ಕೆ ಬರುವ ಒಂದು ದಿನ ಉಂಟು, ಶೂನ್ಯ ನೆರಳಿನ ದಿನ. ಹನ್ನೆರಡೂವರೆಯ ಹೊತ್ತಿಗೆ ಅಂಗಳದಲ್ಲಿ ನೆಟ್ಟಗೆ ಕೋಲು ನಿಲ್ಲಿಸಿದರೆ ಅದಕ್ಕೆ ನೆರಳೇ ಇರುವುದಿಲ್ಲ. ಆಗಸ್ಟಿನಲ್ಲೂ ಅಂಥದೊಂದು ದಿನ ಬರುತ್ತದೆ, ಆದರೆ ನಮ್ಮೂರಿನ ಮಳೆಯಲ್ಲಿ ಅದನ್ನು ಕಂಡವರು ಯಾರು? ಆ ಹೊತ್ತಿಗೂ ಹಲಸಿನ ಬುಡದಲ್ಲಿ ಮಾತ್ರ ತಂಪು ಇದ್ದೇ ಇರುತ್ತಿತ್ತು. ಆ ಒಂದು ಗಳಿಗೆಯಾದರೂ ಅದು ಎರಡು ಮನೆಗೂ ಸೇರದೆ ತನ್ನ ಮರದಡಿಯಲ್ಲೇ ಉಳಿಯುತ್ತಿತ್ತು.

ಅಜ್ಜ ಹೋದ ಮೇಲೆ ಚಿಕ್ಕಜ್ಜ ಬೆಳಗ್ಗೆ ಬೇಲಿಯ ಬಳಿ ಬಂದು ಸುಮ್ಮನೆ ನಿಲ್ಲುವುದನ್ನು ನೋಡಿದ್ದೇನೆ. "ನೆರಳು ಬಂದಿದೆ ಮಾರಾಯ, ಅಡಿಕೆ ಎಳೆಯಲಿಕ್ಕಿಲ್ಲವಾ?" ಎಂದು ನನ್ನನ್ನೇ ಕೇಳುವರು. ಅವರ ಕಾಲವೂ ಮುಗಿದ ಮೇಲೆ ಮರವನ್ನು ಕಡಿದು ಬಾಗಿಲು, ದಾರಂದ ಮಾಡಿಸಿದರು. ನಮ್ಮ ಅಂಗಳಕ್ಕೆ ಈಗ ಪ್ಲಾಸ್ಟಿಕ್ ಹಾಳೆಯ ಮಾಡು ಬಂದಿದೆ, ಅದರಡಿಯಲ್ಲಿ ಅಡಿಕೆ ತನ್ನಷ್ಟಕ್ಕೆ ಒಣಗುತ್ತದೆ. ನೆರಳು ಕಾಯಲು ಮಕ್ಕಳೂ ಊರಲ್ಲಿಲ್ಲ.

ಕಳೆದ ಬೇಸಿಗೆಯಲ್ಲಿ ಸಸಿಮಡಿಗೆ ಶೇಡ್ ನೆಟ್ ತರಲು ಪುತ್ತೂರಿಗೆ ಹೋಗಿದ್ದೆ. ಅಂಗಡಿಯವರು ಹಸುರು ಬಲೆಯ ಸುರುಳಿಗಳನ್ನು ತೋರಿಸಿ, "ಎಷ್ಟು ಪರ್ಸೆಂಟಿನದ್ದು ಬೇಕು? ಐವತ್ತಾ, ಎಪ್ಪತ್ತೈದಾ?" ಎಂದು ಕೇಳಿದರು. ನೆರಳನ್ನು ಪರ್ಸೆಂಟಿನ ಲೆಕ್ಕದಲ್ಲಿ ಕೊಂಡು ಅಭ್ಯಾಸವಿಲ್ಲದ ನಾನು, "ಹಲಸಿನ ಮರದ್ದು ಎಷ್ಟು ಬರಬಹುದು?" ಎಂದೆ.

ಅವರು ನನ್ನ ಮುಖವನ್ನೊಮ್ಮೆ ನೋಡಿ, ಸುರುಳಿಯನ್ನು ಬಿಚ್ಚಿದರು. "ಅದು ಸ್ಟಾಕ್ ಇಲ್ಲ. ಸದ್ಯಕ್ಕೆ ಎಪ್ಪತ್ತೈದು ತೆಗೆದುಕೊಂಡು ಹೋಗಿ."